ನಿಯಮದಲ್ಲಿ ನೆಲೆಸಿದ ಅರ್ಥ: ರೈನರ್ ಕ್ನಿಜಿಯಾ ಅವರ ಆಟಗಳ ಒಂದು ಓದು

ಕನ್ನಡ ವಿಮರ್ಶೆಯು ಕಾವ್ಯ, ಕಾದಂಬರಿ, ನಾಟಕ, ಸಿನಿಮಾಗಳನ್ನು ಕೃತಿಗಳೆಂದು ಒಪ್ಪಿಕೊಂಡಿದೆ. ಪಗಡೆ, ಚೆನ್ನೆ, ಗಂಜೀಫಾಗಳನ್ನು ಮಾತ್ರ ಅದು ಜಾನಪದ ಅಧ್ಯಯನದ ಪಾಲಿಗೆ ಬಿಟ್ಟುಕೊಟ್ಟಿದೆ. ಆ ಆಟಗಳಿಗೆ ಗೊತ್ತಿರುವ ಕರ್ತೃಗಳಿಲ್ಲದಿರುವುದು ಇದಕ್ಕೆ ಒಂದು ಕಾರಣ. ಆಟದ ನಿಯಮಗಳನ್ನು ಭಾಷೆಯ ರಚನೆಯೆಂದು ಓದುವ ಅಭ್ಯಾಸ ಬೆಳೆಯದಿರುವುದು ಇನ್ನೊಂದು ಮತ್ತು ಹೆಚ್ಚು ಆಳವಾದ ಕಾರಣ. ಗಡಿನಾಡಿನ ಭಾಷಾ ಸಮುದಾಯಗಳ ಸಂಸ್ಕೃತಿಯನ್ನು ಮಕ್ಕಳಿಗೆ ತಲುಪಿಸಲು ಕಾರ್ಡುಗಳನ್ನೂ ಮಣೆಯಾಟಗಳನ್ನೂ ರೂಪಿಸಬೇಕೆಂಬ ಅಪೇಕ್ಷೆ ಶಿಕ್ಷಕರಲ್ಲಿ ಹುಟ್ಟುವುದು ಸಹಜವಾಗಿರುವಾಗ, ಆಟವೊಂದರ ಅರ್ಥ ಎಲ್ಲಿರುತ್ತದೆ ಎಂಬ ಪ್ರಶ್ನೆ ಕೇವಲ ಸೈದ್ಧಾಂತಿಕವಾಗಿ ಉಳಿಯುವುದಿಲ್ಲ. ಈ ಪ್ರಶ್ನೆಗೆ ಒಬ್ಬ ವೃತ್ತಿನಿರತ ವಿನ್ಯಾಸಕನ ಕೃತಿಸಮುಚ್ಚಯವೇ ಒಳ್ಳೆಯ ಪ್ರಯೋಗಶಾಲೆಯಾಗಬಲ್ಲದು.

ಆಟಕ್ಕೆ ಕರ್ತೃವಿದ್ದಾನೆ ಎಂಬುದು ಜರ್ಮನಿಯಲ್ಲಿಯೂ ತಾನಾಗಿ ಬಂದ ತಿಳಿವಳಿಕೆಯಲ್ಲ. 1988ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳದ ಸಂದರ್ಭದಲ್ಲಿ ಕೆಲವು ವಿನ್ಯಾಸಕರು, ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಮುದ್ರಿಸದ ಪ್ರಕಾಶಕರಿಗೆ ಆಟವನ್ನು ಕೊಡುವುದಿಲ್ಲವೆಂದು ಬಿಯರ್ ಲೋಟದಡಿಯ ರಟ್ಟಿನ ಮೇಲೆ ಬರೆದು ಸಹಿ ಹಾಕಿದರು. 1991ರಲ್ಲಿ ಆಟದ ಲೇಖಕರ ಸಂಘವೂ ಸ್ಥಾಪನೆಯಾಯಿತು. ವಿನ್ಯಾಸಕನನ್ನು ‘ಲೇಖಕ’ ಎಂದೇ ಕರೆಯುವ ರೂಢಿ ಜರ್ಮನ್ ಭಾಷೆಯಲ್ಲಿ ನೆಲೆಯೂರಿದ್ದು ಇಂತಹ ಹಕ್ಕೊತ್ತಾಯದ ಹಿನ್ನೆಲೆಯಲ್ಲಿ.

1957ರಲ್ಲಿ ಬವೇರಿಯಾದ ಇಲ್ಲರ್‌ಟಿಸ್ಸೆನ್‌ನಲ್ಲಿ ಜನಿಸಿದ ರೈನರ್ ಕ್ನಿಜಿಯಾ ಈ ಪೀಳಿಗೆಯ ಪ್ರಮುಖರು. ಉಲ್ಮ್ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಅವರು ಬ್ಯಾಂಕಿಂಗ್ ಕ್ಷೇತ್ರದಲ್ಲಿ ದುಡಿಯುತ್ತಲೇ ಆಟಗಳನ್ನು ರಚಿಸಿದರು. 1990ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿ, 1997ರಿಂದ ಆಟದ ವಿನ್ಯಾಸವನ್ನೇ ಪೂರ್ಣಾವಧಿ ಉದ್ಯೋಗವಾಗಿಸಿಕೊಂಡರು. ಪ್ರಕಟವಾದ ಅವರ ಆಟಗಳ ಮತ್ತು ಪುಸ್ತಕಗಳ ಸಂಖ್ಯೆ 700ನ್ನು ಮೀರಿದೆ. ಈ ದೊಡ್ಡ ಸಂಖ್ಯೆಯ ಹಿಂದೆ ಸ್ಫೂರ್ತಿಗಿಂತ ಹೆಚ್ಚಾಗಿ ದಿನಚರಿಯಿದೆ. ಕೈಯಿಂದ ಮಾಡಿದ ಮಾದರಿ, ಬೇರೆ ಬೇರೆ ಆಟಗಾರರ ಗುಂಪುಗಳೊಡನೆ ಪರೀಕ್ಷೆ, ತಿದ್ದುಪಡಿ, ಮತ್ತೆ ಪರೀಕ್ಷೆ: ವಾರದುದ್ದಕ್ಕೂ ನಡೆಯುವ ಕೆಲಸ ಇದೇ. ಗೆಲ್ಲುವುದು ಆಟದ ಗುರಿಯಾದರೂ ಮುಖ್ಯವಾದುದು ಗುರಿಯೇ ಹೊರತು ಗೆಲುವಲ್ಲ ಎಂಬ ಆಶಯದ ಅವರ ಮಾತು ಆಟಗಾರರ ವಲಯದಲ್ಲಿ ಚಿರಪರಿಚಿತ. ಅದನ್ನು ಸದ್ಭಾವನೆಯ ಉಪದೇಶವೆಂದು ಓದುವುದಕ್ಕಿಂತ ವಿನ್ಯಾಸದ ಸೂತ್ರವೆಂದು ಓದುವುದು ಸರಿ. ಆಟಗಾರನಿಗೆ ಯಾವ ಗುರಿಯನ್ನು ಕೊಡಲಾಗಿದೆಯೋ ಅದೇ ಅವನ ನಡೆಯನ್ನು ರೂಪಿಸುತ್ತದೆ. ಆದ್ದರಿಂದ ಅಂಕ ಎಣಿಸುವ ವಿಧಾನವೇ ಕೃತಿಯ ಹೃದಯ.

1992ರ ‘ಮಾಡರ್ನ್ ಆರ್ಟ್’ ಇದಕ್ಕೆ ಸ್ಪಷ್ಟ ನಿದರ್ಶನ. ಐವರು ಕಾಲ್ಪನಿಕ ಕಲಾವಿದರ ಚಿತ್ರಗಳನ್ನು ಆಟಗಾರರು ಪರಸ್ಪರರಿಗೆ ಹರಾಜು ಹಾಕುತ್ತಾರೆ. ಒಂದು ಸುತ್ತಿನಲ್ಲಿ ಯಾರ ಚಿತ್ರಗಳು ಹೆಚ್ಚು ಸಂಖ್ಯೆಯಲ್ಲಿ ಹರಾಜಿಗೆ ಬಂದವೋ ಆ ಮೂವರಿಗೆ ಮಾತ್ರ ಬೆಲೆ. ಉಳಿದಿಬ್ಬರ ಚಿತ್ರಗಳು ಆ ಸುತ್ತಿನಲ್ಲಿ ಶೂನ್ಯ. ಹಿಂದಿನ ಸುತ್ತಿನಲ್ಲಿ ಮೆರೆದ ಕಲಾವಿದನೂ ಈ ಸುತ್ತಿನಲ್ಲಿ ಮೊದಲ ಮೂವರೊಳಗೆ ಬಾರದಿದ್ದರೆ ಅವನ ಹಳೆಯ ಕೀರ್ತಿ ನೆರವಿಗೆ ಬರುವುದಿಲ್ಲ. ಚಿತ್ರದ ಗುಣಕ್ಕೆ ಈ ನಿಯಮಗಳಲ್ಲಿ ಎಲ್ಲಿಯೂ ಸ್ಥಾನವಿಲ್ಲ. ಕಲೆಯ ಮಾರುಕಟ್ಟೆಯನ್ನು ಕುರಿತ ವಿಡಂಬನೆ ಇಲ್ಲಿ ಚಿತ್ರಗಳಲ್ಲಿಲ್ಲ, ವಿವರಣೆಯಲ್ಲಿಯೂ ಇಲ್ಲ. ಆಟಗಾರನೇ ಬೆಲೆಯನ್ನು ಸೃಷ್ಟಿಸಿ, ಆ ಬೆಲೆಯನ್ನೇ ನಂಬಿ ಮೋಸಹೋಗುವ ಅನುಭವದಲ್ಲಿದೆ. ಕಾದಂಬರಿಕಾರನು ಪಾತ್ರದ ಮೂಲಕ ಹೇಳಿಸುವ ಮಾತನ್ನು ಇಲ್ಲಿ ಅಂಕಗಣಿತವೇ ಹೇಳುತ್ತದೆ.

ಅರ್ಥವು ನಿಯಮದಲ್ಲಿ ಮಾತ್ರವೇ ಇರುತ್ತದೆ ಎಂದು ತೀರ್ಮಾನಿಸಲು ಇದರಿಂದ ಮನಸ್ಸಾಗುತ್ತದೆ. ಅವರದೇ ಇನ್ನೆರಡು ಕೃತಿಗಳು ಆ ತೀರ್ಮಾನವನ್ನು ತಡೆಯುತ್ತವೆ. 1997ರ ‘ಟೈಗ್ರಿಸ್ ಮತ್ತು ಯೂಫ್ರಟಿಸ್’ ಆಟದಲ್ಲಿ ನೆಲೆ, ದೇವಾಲಯ, ಕೃಷಿ, ಮಾರುಕಟ್ಟೆ ಎಂಬ ನಾಲ್ಕು ಬಣ್ಣಗಳಲ್ಲಿ ಅಂಕಗಳು ಸಂಗ್ರಹವಾಗುತ್ತವೆ. ಕೊನೆಯಲ್ಲಿ ಪ್ರತಿಯೊಬ್ಬನ ಅತಿ ಕಡಿಮೆ ಅಂಕದ ಬಣ್ಣವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ದೇವಾಲಯಗಳಿಂದ ತುಂಬಿ ಹೊಲಗಳಿಲ್ಲದ ನಾಗರಿಕತೆ ಸೋಲುತ್ತದೆ. 2004ರ ‘ಐನ್‌ಫಾಖ್ ಗೆನಿಯಾಲ್’ ಇದೇ ನಿಯಮವನ್ನು ಆರು ಬಣ್ಣಗಳಿಗೆ ವಿಸ್ತರಿಸುತ್ತದೆ. ಅಲ್ಲಿ ಕಥೆಯಿಲ್ಲ, ನದಿಗಳಿಲ್ಲ, ಬಣ್ಣದ ಷಡ್ಭುಜಗಳಷ್ಟೇ ಇವೆ. ಮೊದಲನೆಯದರಲ್ಲಿ ಸಮತೋಲನದ ರಾಜನೀತಿಯಾಗಿದ್ದ ನಿಯಮ ಎರಡನೆಯದರಲ್ಲಿ ಶುದ್ಧ ಲೆಕ್ಕಾಚಾರವಾಗುತ್ತದೆ. ಹೀಗೆ ನೋಡಿದರೆ ನಿಯಮವೊಂದೇ ಅರ್ಥವನ್ನು ಹೊರುವುದಿಲ್ಲ. ಹೆಸರೂ ನಿಯಮವೂ ಒಂದನ್ನೊಂದು ಸಮರ್ಥಿಸುವ ಬಿಂದುವಿನಲ್ಲಿ ಅರ್ಥ ಹುಟ್ಟುತ್ತದೆ. ವ್ಯಾಕರಣಕ್ಕೂ ಪದಕೋಶಕ್ಕೂ ಇರುವ ಸಂಬಂಧವನ್ನು ಇದು ಹೋಲುತ್ತದೆ.

ಹೆಸರು ಬದಲಾದರೆ ಆಗುವುದೇನು ಎಂಬುದನ್ನು ಅನುವಾದದ ಪ್ರಶ್ನೆಯಾಗಿ ಪರಿಗಣಿಸಬಹುದು. 1999ರ ‘ಲಾಸ್ಟ್ ಸಿಟೀಸ್’ ಇಬ್ಬರು ಆಡುವ, 60 ಕಾರ್ಡುಗಳ ಆಟ. ಐದು ಅನ್ವೇಷಣಾ ಯಾತ್ರೆಗಳಲ್ಲಿ ಯಾವುದನ್ನು ಆರಂಭಿಸಿದರೂ ಮೊದಲೇ 20 ಅಂಕಗಳ ಸಾಲ ಹೆಗಲೇರುತ್ತದೆ. ಹೊರಟ ಮೇಲೆ ಹಿಂದಿರುಗುವಂತಿಲ್ಲ. ಯಾತ್ರೆಯ ವೆಚ್ಚ, ಆತುರ, ಅತಿಯಾಸೆ ಎಲ್ಲವೂ ಆ ಒಂದು ಋಣದಲ್ಲಿ ಅಡಗಿವೆ. ಇದೇ ಆಟದಿಂದ ಬೆಳೆದ, ಮಣೆಯ ಮೇಲೆ ಆಡುವ ‘ಕೆಲ್ಟಿಸ್’ 2008ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿಯನ್ನು ಪಡೆಯಿತು. ಅಲ್ಲಿ ಅನ್ವೇಷಕರು ಮರೆಯಾಗಿ ಕೆಲ್ಟಿಕ್ ಅಲಂಕಾರಗಳೂ ಕಲ್ಲಿನ ಹಾದಿಗಳೂ ಬಂದಿವೆ. ನಿಯಮ ಹೆಚ್ಚು ನಯವಾಗಿದೆ, ಪ್ರಶಸ್ತಿಯೂ ಸಂದಿದೆ. ಆದರೆ ಹಾದಿಯಲ್ಲಿ ಮುಂದೆ ಸಾಗುವ ಕಾಯಿಗೆ ತಾನೇಕೆ ಹೊರಟೆನೆಂಬುದು ತಿಳಿಯದು. ಮೂಲದ ವಾಕ್ಯರಚನೆಯನ್ನು ಉಳಿಸಿಕೊಂಡು ಅದರ ಪ್ರೇರಣೆಯನ್ನು ಕಳೆದುಕೊಂಡ ಅನುವಾದಗಳು ದ್ವಿಭಾಷಿಕ ಓದುಗರಿಗೆ ಅಪರಿಚಿತವಲ್ಲ.

ಭಾರತವನ್ನು ಹೆಸರಿಸುವ ‘ತಾಜ್ ಮಹಲ್’ (2000) ಈ ದೌರ್ಬಲ್ಯವನ್ನು ಇನ್ನೂ ತೀಕ್ಷ್ಣವಾಗಿ ತೋರಿಸುತ್ತದೆ. ಮೊಗಲ್ ಸಾಮ್ರಾಜ್ಯದ ಇಳಿಗಾಲ, ವಜೀರ, ಸೇನಾಪತಿ, ರಾಜಕುಮಾರಿ, ಆನೆ: ಎಲ್ಲವೂ ಇಲ್ಲಿವೆ. ಆಟವು ಅದೇ ವರ್ಷ ಜರ್ಮನಿಯ ವಾರ್ಷಿಕ ಆಟದ ಬಹುಮಾನಗಳಲ್ಲೊಂದರ ಮೊದಲ ಸ್ಥಾನವನ್ನು ಪಡೆದದ್ದೂ ಅಕಾರಣವಾಗಿ ಅಲ್ಲ. ಸ್ಪರ್ಧೆಯಿಂದ ಯಾವ ಕ್ಷಣದಲ್ಲಿ ಹಿಂದೆ ಸರಿಯಬೇಕೆಂಬ ಸಂಕಟವನ್ನು ಅದು ಅಪೂರ್ವವಾಗಿ ಕಟ್ಟುತ್ತದೆ. ಆದರೆ ಆ ಸಂಕಟಕ್ಕೂ ಮೊಗಲರ ಉತ್ತರ ಭಾರತಕ್ಕೂ ಒಳಸಂಬಂಧವಿಲ್ಲ. ವಜೀರನ ಬದಲು ಪಾದ್ರಿಯನ್ನೋ ಆನೆಯ ಬದಲು ಹಡಗನ್ನೋ ಮುದ್ರಿಸಿದರೆ ಆಟಗಾರನ ಒಂದು ನಿರ್ಧಾರವೂ ಬದಲಾಗದು. ಕಾರ್ಡುಗಳ ಮೇಲೆ ಅಕ್ಷರಗಳ ಬದಲು ಚಿಹ್ನೆಗಳನ್ನು ಬಳಸುವುದರಿಂದ ಇಂತಹ ಆಟಗಳು ಭಾಷೆಯ ಗಡಿಗಳನ್ನು ಸುಲಭವಾಗಿ ದಾಟುತ್ತವೆ. ನಿಯಮಪುಸ್ತಿಕೆಯನ್ನು ಅನುವಾದಿಸಿದರೆ ಸಾಕು. ಆ ಸೌಲಭ್ಯವೇ ಊರಿನ ಹೆಸರನ್ನು ಕೇವಲ ಹಣೆಪಟ್ಟಿಯಾಗಿಸುವ ಅಪಾಯವನ್ನೂ ತರುತ್ತದೆ.

ಕ್ನಿಜಿಯಾ ಅವರ ಆಟಗಳಿಗೆ ವಸ್ತುವೆಂಬುದು ಮೇಲೆ ಅಂಟಿಸಿದ ಕಾಗದ ಎಂಬ ಆಕ್ಷೇಪ ಈ ಕಾರಣದಿಂದ ಪ್ರಚಲಿತವಾಗಿದೆ. ಅದು ಅರ್ಧ ಸತ್ಯ. ಅವರ ‘ಲಾರ್ಡ್ ಆಫ್ ದ ರಿಂಗ್ಸ್’ (2000) ಆಟಕ್ಕೆ 2001ರಲ್ಲಿ ಸಾಹಿತ್ಯವನ್ನು ಆಟವಾಗಿಸಿದ್ದಕ್ಕಾಗಿ ‘ವರ್ಷದ ಆಟ’ದ ತೀರ್ಪುಗಾರರ ವಿಶೇಷ ಬಹುಮಾನ ದೊರೆಯಿತು. ಟೋಲ್ಕಿನ್ ಅವರ ಕಥೆಯ ಯುದ್ಧಗಳನ್ನು ಒಂದೊಂದಾಗಿ ಅನುಕರಿಸುವ ಬದಲು, ಆಟಗಾರರೆಲ್ಲರೂ ಒಂದೇ ಪಕ್ಷದಲ್ಲಿ ನಿಂತು ಮಣೆಯ ವಿರುದ್ಧವೇ ಆಡುವಂತೆ ಅವರು ಮಾಡಿದರು. ಒಬ್ಬ ಸಂಗಾತಿ ಸೌರಾನ್‌ನ ಕೈಗೆ ಸಿಕ್ಕಿ ಹೊರಬಿದ್ದರೂ ಉಳಿದವರು ಮುಂದುವರಿಯಬಹುದು. ಉಂಗುರಧಾರಿ ಸಿಕ್ಕರೆ ಎಲ್ಲರ ಸೋಲು. ತ್ಯಾಗ ಮತ್ತು ಸಖ್ಯ ಎಂಬ ಮೂಲಕೃತಿಯ ತಿರುಳು ಇಲ್ಲಿ ನಿಯಮವಾಗಿ ಮರುಹುಟ್ಟು ಪಡೆದಿದೆ. ಇದು ಪದಾನುವಾದವಲ್ಲ, ಭಾವಾನುವಾದ.

ಕಾಸರಗೋಡನ್ನೂ ಒಳಗೊಂಡ ತುಳುನಾಡಿನ ಚೆನ್ನೆಮಣೆಯನ್ನು ಇಲ್ಲಿ ನೆನೆಯುವುದು ಉಚಿತ. ಏಳೇಳು ಗುಳಿಗಳ ಎರಡು ಸಾಲು, ಅಕ್ಷರವಿಲ್ಲ, ಚಿತ್ರವಿಲ್ಲ. ಕನ್ನಡದ ಅಳಿಗುಳಿಮಣೆಗೂ ತಮಿಳಿನ ಪಲ್ಲಾಂಕುಳಿಗೂ ಅದು ಹತ್ತಿರದ ಬಂಧು. ಹೀಗಿದ್ದೂ ಆಟಿ ತಿಂಗಳಿನ ಜೊತೆಗೆ ಅದಕ್ಕಿರುವ ನಂಟು, ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದೆಂಬ ನಂಬಿಕೆ, ಸಿರಿ ಪಾಡ್ದನದಲ್ಲಿ ಅಬ್ಬಗ ಮತ್ತು ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಟದ ಜಗಳದಲ್ಲಿಯೇ ಅಂತ್ಯ ಕಾಣುವ ಪ್ರಸಂಗ: ಇವು ಆ ಆಟವನ್ನು ಒಂದು ನೆಲದ ಆಟವನ್ನಾಗಿಸಿವೆ. ಯಾರು, ಯಾರೊಡನೆ, ಯಾವಾಗ ಆಡಬಹುದು ಎಂಬುದೂ ನಿಯಮವೇ. ಅದು ಮಣೆಯ ಮೇಲೆ ಕೆತ್ತಲಾಗದ ನಿಯಮ. ಒಬ್ಬ ಕರ್ತೃವಿನ ಪೆಟ್ಟಿಗೆಯೊಳಗೆ ಇಂತಹ ನಿಯಮ ಸುಲಭವಾಗಿ ಬಾರದು ಎಂಬುದು ಕ್ನಿಜಿಯಾ ಮಾದರಿಯ ಮಿತಿ.

ಇದರಿಂದ ಗಡಿನಾಡ ಕನ್ನಡದ ಕೆಲಸಕ್ಕೆ ಒದಗುವ ವಿವೇಕವು ನಿರ್ದಿಷ್ಟವಾದುದು. ಅಕ್ಕಲಕೋಟೆಯ ಗುಡಿಯನ್ನೋ ಬಡಗರ ಹಟ್ಟಿಯನ್ನೋ ಯಕ್ಷಗಾನದ ಕಿರೀಟವನ್ನೋ ಕಾರ್ಡಿನ ಮೇಲೆ ಮುದ್ರಿಸಿ, ಹಳೆಯ ಜೋಡಿ ಹುಡುಕುವ ಆಟಕ್ಕೆ ಹೊಂದಿಸಿದರೆ ಮಗುವಿಗೆ ಸಿಗುವುದು ಜೋಡಿ ಹುಡುಕುವ ಆಟವೇ. ಎರಡು ಭಾಷೆಗಳ ನಡುವೆ ಬದುಕುವವರ ದಿನನಿತ್ಯದ ಆಯ್ಕೆಗಳು, ಅಂದರೆ ಸಂತೆಯಲ್ಲಿ ಒಂದು ನುಡಿ, ಮನೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಯಾವುದು ಎಂಬ ತೊಳಲಾಟ, ಅಂಕಗಳ ಎಣಿಕೆಯೊಳಗೇ ಬಂದಾಗ ಆಟವು ಆ ಸಮುದಾಯದ್ದಾಗುತ್ತದೆ. ಅತಿ ದುರ್ಬಲ ಬಣ್ಣವನ್ನೇ ಎಣಿಸುವ ನಿಯಮ, ಒಂದು ನುಡಿಯನ್ನು ಬೆಳೆಸಿ ಇನ್ನೊಂದನ್ನು ಬಾಡಿಸಿದವನು ಗೆಲ್ಲಲಾರನೆಂಬ ಅರ್ಥವನ್ನು ಅಲ್ಲಿ ಪಡೆಯಬಲ್ಲದು. ಚಿತ್ರಗಳನ್ನೆಲ್ಲ ತೆಗೆದುಹಾಕಿದ ಮೇಲೂ ಆಟಗಾರನು ಆ ಊರಿನವನಂತೆ ಯೋಚಿಸಬೇಕಾಗುತ್ತದೆಯೇ ಎಂಬುದು ಇಂತಹ ಪ್ರತಿಯೊಂದು ಪ್ರಯತ್ನಕ್ಕೂ ಒಡ್ಡಬೇಕಾದ ಪರೀಕ್ಷೆ. ‘ಮಾಡರ್ನ್ ಆರ್ಟ್’ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ, ‘ತಾಜ್ ಮಹಲ್’ ಆಗುವುದಿಲ್ಲ. ಎರಡನ್ನೂ ರಚಿಸಿದವರು ಒಬ್ಬರೇ.