ಜಿನ್ನಿನ ಹೆಸರಿನ ತಂಡ, ವರ್ಷಕ್ಕೆ ಮೂರು ಕಪ್ಪು

ಫಿಲಿಪೀನ್ಸಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಅಂಕಪಟ್ಟಿ ಮೊದಲ ಸಲ ನೋಡುವವರಿಗೆ ಮನೆಸಾಮಾನಿನ ಚೀಟಿಯಂತೆ ಕಾಣುತ್ತದೆ. ಸ್ಯಾನ್ ಮಿಗೆಲ್ ಅಂದರೆ ಬಿಯರು. ಜಿನೆಬ್ರ ಅಂದರೆ ಜಿನ್ನು. ರೇನ್ ಆರ್ ಶೈನ್ ಗೋಡೆಗೆ ಬಳಿಯುವ ಬಣ್ಣ, ಮೆರಾಲ್ಕೊ ಮನಿಲಾಕ್ಕೆ ಕರೆಂಟು ಕೊಡುವ ಕಂಪನಿ, ಟಿಎನ್‌ಟಿ ಮೊಬೈಲು ಸಿಮ್ಮು, ಎನ್‌ಲೆಕ್ಸ್ ಟೋಲ್ ಕಟ್ಟುವ ಹೆದ್ದಾರಿ. ಮನಿಲಾ, ಸೆಬು, ದಾವಾವೊ ಎಂಬ ಊರಿನ ಹೆಸರು ಒಂದು ತಂಡಕ್ಕೂ ಇಲ್ಲ. ಹಾಗಾಗಿ ತವರಿನ ಅಂಕಣವೂ ಇಲ್ಲ. ಎಲ್ಲ ತಂಡಗಳೂ ಅವೇ ನಾಲ್ಕೈದು ಒಳಾಂಗಣಗಳಲ್ಲಿ ಸರದಿಯ ಮೇಲೆ ಆಡುತ್ತವೆ. ಒಂದೇ ಸಂಜೆ ಒಂದೇ ಅಂಕಣದಲ್ಲಿ ಎರಡು ಪಂದ್ಯ, ಒಂದೇ ಟಿಕೆಟ್ಟು.

ಇದನ್ನು ನೋಡಿ ನಗುವ ಮುನ್ನ ಬೆಂಗಳೂರಿನವರು ಸ್ವಲ್ಪ ತಡೆಯಬೇಕು. ಹದಿನೇಳು ವರ್ಷ ಕಪ್ಪಿಗಾಗಿ ಕಾದ ನಮ್ಮ ಕ್ರಿಕೆಟ್ ತಂಡದ ಹೆಸರಿನ ಮೊದಲ ಎರಡು ಪದಗಳೂ ಒಂದು ವಿಸ್ಕಿ ಬಾಟಲಿಯ ಮೇಲಿನಿಂದಲೇ ಬಂದವು. ಅದರ ಪಕ್ಕ ಒಂದು ಊರನ್ನು ಸೇರಿಸಿದ್ದರಿಂದ ನಮಗೆ ಅದು ಬ್ರ್ಯಾಂಡು ಅನ್ನಿಸುವುದಿಲ್ಲ. ಫಿಲಿಪೀನ್ಸಿನವರು ಊರಿನ ಮುಸುಕು ಹಾಕಲಿಲ್ಲ, ಅಷ್ಟೇ. ಈ ಲೀಗಿನ ನಿಜವಾದ ತೊಡಕು ಬ್ರ್ಯಾಂಡಿನ ಹೆಸರಲ್ಲ ಎಂಬುದು ನನ್ನ ವಾದ. ಅದು ಬೇರೆ ಕಡೆ ಇದೆ.

ಫಿಲಿಪೀನ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್, ಚಿಕ್ಕದಾಗಿ ಪಿಬಿಎ, ಶುರುವಾದದ್ದು 1975ರಲ್ಲಿ. ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಅದು. ಆದರೆ ಆಟ ಅಲ್ಲಿಗೆ ಅದಕ್ಕೂ ಬಹಳ ಮೊದಲೇ ಬಂದಿತ್ತು. ಅಮೆರಿಕನ್ನರ ಆಳ್ವಿಕೆಯಲ್ಲಿ ವೈಎಂಸಿಎ ಮತ್ತು ಶಾಲೆಗಳ ಮೂಲಕ ಹಬ್ಬಿದ ಬಾಸ್ಕೆಟ್‌ಬಾಲ್, ಸರಾಸರಿ ಎತ್ತರ ಕಡಿಮೆಯಿರುವ ಆ ಜನರ ಹುಚ್ಚಾಗಿ ಬೆಳೆಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಫಿಲಿಪೀನ್ಸಿಗೆ ಐದನೆಯ ಸ್ಥಾನ, 1954ರಲ್ಲಿ ರಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಆಗ ಅಲ್ಲಿ ದೊಡ್ಡದಾಗಿದ್ದದ್ದು ಮಿಕಾ ಎಂಬ ಲೀಗ್, ಅಂದರೆ ಮನಿಲಾದ ಉದ್ದಿಮೆ ಮತ್ತು ವ್ಯಾಪಾರ ಸಂಸ್ಥೆಗಳ ಕ್ರೀಡಾ ಸಂಘದ ಲೀಗ್. ನಮ್ಮಲ್ಲಿ ವಿಜಯಾ ಬ್ಯಾಂಕು, ರೈಲ್ವೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ ಹಾಗೆಯೇ ಅಲ್ಲಿ ಕಂಪನಿಗಳು ತಂಡ ಕಟ್ಟುತ್ತಿದ್ದವು. ಹೆಸರಿಗೆ ಹವ್ಯಾಸಿ, ಒಳಗೆ ಸಂಬಳ. ಈ ಮರೆಮಾಚುವಿಕೆಯೂ ಆಟಗಾರರ ಮೇಲೆ ರಾಷ್ಟ್ರೀಯ ಸಂಘಕ್ಕಿದ್ದ ಹಿಡಿತವೂ ಬೇಡವೆಂದು ಒಂಬತ್ತು ಕಂಪನಿಗಳು ಹೊರಬಂದು ಪಿಬಿಎ ಕಟ್ಟಿದವು. ಮೊದಲ ಪಂದ್ಯ ನಡೆದದ್ದು 1975ರ ಏಪ್ರಿಲ್ 9ರಂದು, ಕೆಸೊನ್ ಸಿಟಿಯ ಅರನೇಟ ಕೊಲಿಸಿಯಂನಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ತಮ್ಮ ಮೂರನೆಯ ಕಾಳಗ ಆಡಿದ್ದೂ ಅದೇ ಕಟ್ಟಡದಲ್ಲಿ.

ಮೊದಲ ಹತ್ತು ವರ್ಷದ ಕಥೆಯೆಂದರೆ ಕ್ರಿಸ್ಪಾ ಮತ್ತು ಟೊಯೊಟಾಗಳ ಹಗೆ. ಒಂದು ಟೀಶರ್ಟು ಹೊಲಿಯುವ ಕಂಪನಿ, ಇನ್ನೊಂದು ಕಾರು ಜೋಡಿಸುವ ಕಂಪನಿ. ಮನೆಮನೆಗಳಲ್ಲೂ ಇವೆರಡೇ ಪಕ್ಷ. 1977ರಲ್ಲಿ ಇವರಿಬ್ಬರ ಪಂದ್ಯದ ನಂತರ ಆಟಗಾರರು ಕೈಕೈ ಮಿಲಾಯಿಸಿದರು. ಅಧ್ಯಕ್ಷ ಮಾರ್ಕೋಸ್‌ನ ಸೇನಾ ಕಾನೂನಿನ ಕಾಲ. ಎರಡೂ ತಂಡದ ಆಟಗಾರರನ್ನು ಎಳೆದೊಯ್ದು ಫೋರ್ಟ್ ಬೊನಿಫಾಸಿಯೊದಲ್ಲಿ ಒಟ್ಟಿಗೇ ಕೂಡಿಹಾಕಿದರು. ಹೊಡೆದಾಡಿದವರು ಒಂದೇ ಕಂಬಿಯ ಹಿಂದೆ! ಲೀಗಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಆದರೆ ದೇಶದ ಆರ್ಥಿಕತೆ ಕುಸಿದಾಗ ಈ ಎರಡು ಹೆಸರುಗಳನ್ನು ಉಳಿಸಲು ಯಾವ ಅಭಿಮಾನವೂ ಸಾಕಾಗಲಿಲ್ಲ. 1984ರ ಸೀಸನ್ ಶುರುವಾಗುವಷ್ಟರಲ್ಲಿ ಟೊಯೊಟಾ ಇರಲಿಲ್ಲ. ಅದು ಮುಗಿಯುವಷ್ಟರಲ್ಲಿ ಕ್ರಿಸ್ಪಾವೂ ಹೋಯಿತು. ಒಟ್ಟು 22 ಪ್ರಶಸ್ತಿ ಹಂಚಿಕೊಂಡ ಎರಡು ತಂಡಗಳು ಒಂದೇ ವರ್ಷದ ಅಂತರದಲ್ಲಿ ಮಾಯ. ಕಂಪನಿ ಮುಳುಗಿದರೆ ತಂಡವೂ ಮುಳುಗುತ್ತದೆ ಎಂಬುದು ಈ ವ್ಯವಸ್ಥೆಯ ಮೊದಲ ದೋಷ. ಆರಂಭದ ಒಂಬತ್ತರಲ್ಲಿ ಇಂದಿಗೂ ಉಳಿದಿರುವುದು ಸ್ಯಾನ್ ಮಿಗೆಲ್ ಒಂದೇ.

ಹಾಗಿದ್ದೂ ಅಭಿಮಾನ ಸಾಯಲಿಲ್ಲ, ವಲಸೆ ಹೋಯಿತು. ಟೊಯೊಟಾದ ರಾಬರ್ಟ್ ಜವೋರ್ಸ್ಕಿಯನ್ನು ಉಳಿದ ಆಟಗಾರರ ಜೊತೆಗೆ ಸಗಟಾಗಿ ಹೊಸ ಮಾಲೀಕರಿಗೆ ಕೊಟ್ಟಾಗ ಆತ ಒಪ್ಪದೆ, ಗಿಲ್ಬೀಸ್ ಜಿನ್ ಎಂಬ ಸಾಧಾರಣ ತಂಡ ಸೇರಿದ. ಜನ ಹಿಂದೆಯೇ ಬಂದರು. 1985ರ ಒಂದು ಪಂದ್ಯದಲ್ಲಿ ಮೊಣಕೈ ಏಟಿಗೆ ತುಟಿ ಸೀಳಿ, ಆಸ್ಪತ್ರೆಗೆ ಹೋಗಿ ಒಂಬತ್ತು ಹೊಲಿಗೆ ಹಾಕಿಸಿಕೊಂಡು, ಅದೇ ಪಂದ್ಯಕ್ಕೆ ಮರಳಿ ಬಂದು, ಸೋಲುತ್ತಿದ್ದ ತಂಡವನ್ನು ಗೆಲ್ಲಿಸಿದ. 'ನೆವರ್ ಸೇ ಡೈ' ಅಂದಿನಿಂದ ಆ ತಂಡದ ಘೋಷ. ಐವತ್ತು ದಾಟಿದ ಮೇಲೂ ಕೋಚ್ ಕಮ್ ಆಟಗಾರನಾಗಿ ಅಂಕಣಕ್ಕಿಳಿಯುತ್ತಿದ್ದವನು 1998ರಲ್ಲಿ ಸೆನೆಟರ್ ಆಗಿ ಆರಿಸಿಬಂದ. ತಂಡದ ಹೆಸರು ಮಾತ್ರ ಮಾರಾಟ ವಿಭಾಗದ ಮರ್ಜಿಯಂತೆ ಬದಲಾಗುತ್ತಲೇ ಇತ್ತು: ಜಿನೆಬ್ರ, ಅನ್ಯೇಹೊ ರಮ್, ಗಾರ್ಡನ್ಸ್ ಜಿನ್, ಈಗ ಬರಾಂಗಾಯ್ ಜಿನೆಬ್ರ. ಬರಾಂಗಾಯ್ ಅಂದರೆ ಅಲ್ಲಿನ ಹಳ್ಳಿ ಅಥವಾ ವಾರ್ಡು. ಊರಿಲ್ಲದ ತಂಡ ದೇಶವನ್ನೇ ಊರು ಮಾಡಿಕೊಂಡಿತು ಅನ್ನಬಹುದು. ಸೀಸೆಯ ಲೇಬಲ್ ಬದಲಾದರೂ ಅಭಿಮಾನಿ ಬದಲಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಪಂದ್ಯಾವಳಿಯ ರಚನೆಗೆ ಬರೋಣ. ಇದನ್ನು ಹೊಗಳುವುದರಲ್ಲಿ ನನಗೆ ಸಂಕೋಚವಿಲ್ಲ. ಬೇರೆ ಕಡೆ ಇಡೀ ವರ್ಷ ಆಡಿ ಒಬ್ಬ ಚಾಂಪಿಯನ್ನನ್ನು ಆರಿಸುತ್ತಾರೆ. ಪಿಬಿಎಯಲ್ಲಿ ಪೂರ್ತಿ ಸೀಸನ್ನಿಗೆ ಮೂರು ಪಂದ್ಯಾವಳಿ, ಮೂವರು ಚಾಂಪಿಯನ್ನರು. ನಡುವೆ ಕೆಲವು ವರ್ಷ ಇದು ಎರಡಕ್ಕೆ ಇಳಿದದ್ದೂ, ಕೊರೊನಾ ವರ್ಷದಲ್ಲಿ ಒಂದೇ ಆದದ್ದೂ ಉಂಟು. ಫಿಲಿಪೀನ್ ಕಪ್‌ನಲ್ಲಿ ವಿದೇಶಿಯರಿಗೆ ಪ್ರವೇಶವಿಲ್ಲ. ಕಮಿಷನರ್ಸ್ ಕಪ್‌ನಲ್ಲಿ ಪ್ರತಿ ತಂಡಕ್ಕೆ ಒಬ್ಬ ಎತ್ತರದ ವಿದೇಶಿ. ಗವರ್ನರ್ಸ್ ಕಪ್‌ನಲ್ಲೂ ಒಬ್ಬ ವಿದೇಶಿ, ಆದರೆ ಆತ ಗಿಡ್ಡ. ಗಿಡ್ಡ ಅಂದರೂ ಈಚಿನ ಮಿತಿ ಆರಡಿ ಆರಿಂಚು! ಇಂಪೋರ್ಟ್ ಎಂದೇ ಅವರನ್ನು ಕರೆಯುವುದು. ಅಂಕಣಕ್ಕಿಳಿಯುವ ಮುನ್ನ ಗೋಡೆಗೆ ನಿಲ್ಲಿಸಿ ಅಳೆಯುತ್ತಾರೆ.

ಮೇಲ್ನೋಟಕ್ಕೆ ತಮಾಷೆಯ ನಿಯಮ. ಆದರೆ ಇದು ಮಾಡುವ ಕೆಲಸ ನೋಡಿ. ವಿದೇಶಿಯೇ ಇಲ್ಲದಾಗ ಬುಟ್ಟಿಯ ಕೆಳಗಿನ ಜಾಗ ದೇಶದ ದೈತ್ಯನದು. ಸೆಬು ದ್ವೀಪದ ಆರಡಿ ಹತ್ತಿಂಚಿನ ಜೂನ್ ಮಾರ್ ಫಹಾರ್ಡೊ 2014ರಿಂದ 2019ರ ತನಕ ಸತತ ಆರು ಬಾರಿ ಲೀಗಿನ ಅತ್ಯುತ್ತಮ ಆಟಗಾರನಾದ. ಆತನಿದ್ದ ಸ್ಯಾನ್ ಮಿಗೆಲ್ ಸತತ ಐದು ಫಿಲಿಪೀನ್ ಕಪ್ ಗೆದ್ದಿತು. ಎತ್ತರದ ಇಂಪೋರ್ಟ್ ಬಂದಾಗ ಅದೇ ಜಾಗದಲ್ಲಿ ಇಬ್ಬರ ನೂಕುನುಗ್ಗಲು, ಆಟದ ಲೆಕ್ಕವೇ ಬೇರೆ. ಗಿಡ್ಡ ಇಂಪೋರ್ಟ್ ಬಂದಾಗ ಚೆಂಡು ಹೊರವಲಯಕ್ಕೆ ಬರುತ್ತದೆ. ವೇಗ, ದೂರದ ಗುರಿ, ಪಾಸುಗಳ ಆಟ. ಜಿನೆಬ್ರದ ಜಸ್ಟಿನ್ ಬ್ರೌನ್‌ಲೀ ಇಂಥ ಕಪ್ಪಿಗಾಗಿಯೇ ಹುಟ್ಟಿದವನಂತಿದ್ದ. 2016ರ ಫೈನಲಿನಲ್ಲಿ ಗಂಟೆ ಬಾರಿಸುವ ಹೊತ್ತಿಗೆ ದೂರದಿಂದ ಹಾಕಿದ ಚೆಂಡು ಎಂಟು ವರ್ಷಗಳ ಬರಗಾಲ ಮುಗಿಸಿತು. 2017, 2019, 2021ರಲ್ಲೂ ಗವರ್ನರ್ಸ್ ಕಪ್ ಅವರದೇ. ಒಂದು ದೇಶ, ಅವೇ ಆಟಗಾರರು, ವರ್ಷಕ್ಕೆ ಮೂರು ಬಗೆಯ ಬಾಸ್ಕೆಟ್‌ಬಾಲ್. ಮೂರನ್ನೂ ಒಂದೇ ಸೀಸನ್ನಿನಲ್ಲಿ ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್. ಐವತ್ತು ವರ್ಷಗಳಲ್ಲಿ ಅದು ಐದೇ ಸಲ ಆಗಿದೆ: ಕ್ರಿಸ್ಪಾ 1976 ಮತ್ತು 1983ರಲ್ಲಿ, ಸ್ಯಾನ್ ಮಿಗೆಲ್ 1989ರಲ್ಲಿ, ಅಲಾಸ್ಕಾ 1996ರಲ್ಲಿ, ಸ್ಯಾನ್ ಮಿಗ್ ಕಾಫಿ 2014ರಲ್ಲಿ. ಫಹಾರ್ಡೊನ ಸ್ಯಾನ್ ಮಿಗೆಲ್ 2017ರಲ್ಲೂ 2019ರಲ್ಲೂ ಮೊದಲ ಎರಡು ಕಪ್ ಗೆದ್ದು, ಗಿಡ್ಡ ಇಂಪೋರ್ಟುಗಳ ಮೂರನೆಯದರಲ್ಲಿ ಮುಗ್ಗರಿಸಿತು. ಗೆಲ್ಲಲು ಇಷ್ಟು ಕಷ್ಟವಾದ ಕಿರೀಟವನ್ನು ಇಷ್ಟು ಸರಳ ಉಪಾಯದಿಂದ ಕಟ್ಟಿದ ಲೀಗ್ ನನಗೆ ಇನ್ನೊಂದು ಗೊತ್ತಿಲ್ಲ.

ಇಂಪೋರ್ಟ್ ಪದ್ಧತಿ ಹಳಿ ತಪ್ಪಿದ ಕಾಲವೂ ಇತ್ತು. 1985ರಲ್ಲಿ ಮೈಕೆಲ್ ಹ್ಯಾಕೆಟ್ ಒಂದೇ ಪಂದ್ಯದಲ್ಲಿ 103 ಅಂಕ, 1992ರಲ್ಲಿ ಇಲೊಯಿಲೊದಲ್ಲಿ ಟೋನಿ ಹ್ಯಾರಿಸ್ 105 ಅಂಕ ಗಳಿಸಿದರು. ದಾಖಲೆಗಳೇನೋ ಹೌದು, ಆದರೆ ಉಳಿದ ನಾಲ್ವರು ಚೆಂಡು ಕೊಟ್ಟು ಬದಿಗೆ ನಿಲ್ಲುವ ಆಟವನ್ನು ತಂಡದ ಆಟ ಎನ್ನುವುದು ಹೇಗೆ?

ಕ್ವಾರ್ಟರ್‌ಫೈನಲಿನ ಇನ್ನೊಂದು ನಿಯಮ ನನಗೆ ಇಷ್ಟ, ಅನ್ಯಾಯವೆಂದು ಗೊತ್ತಿದ್ದೂ ಇಷ್ಟ. ಹೆಚ್ಚಿನ ಸೀಸನ್‌ಗಳಲ್ಲಿ ಮೇಲಿನ ಎರಡು ತಂಡಗಳನ್ನು ಏಳು, ಎಂಟನೆಯ ಸ್ಥಾನದವರು ಎರಡು ಸಲ ಸೋಲಿಸಬೇಕು. ಮೇಲಿನವರಿಗೆ ಒಂದು ಗೆಲುವು ಸಾಕು. ತವರಿನ ಅಂಕಣದ ಅನುಕೂಲವೇ ಇಲ್ಲದ ಲೀಗಿನಲ್ಲಿ ಮೊದಲ ಸುತ್ತಿನ ಶ್ರಮಕ್ಕೆ ಬೇರೆ ಯಾವ ಬಹುಮಾನ ಕೊಡುವುದು? ಆದರೆ ಆ ಮೊದಲ ಸುತ್ತು ಸಾಮಾನ್ಯವಾಗಿ ಹನ್ನೊಂದೇ ಪಂದ್ಯಗಳದು. ಎರಡು ಪಂದ್ಯದಲ್ಲಿ ಒಬ್ಬ ಆಟಗಾರನ ಪಾದ ಉಳುಕಿದರೂ ಸ್ಥಾನ ಅದಲುಬದಲು.

ಇಷ್ಟು ಚೆಂದದ ರಚನೆಯನ್ನು ಟೊಳ್ಳು ಮಾಡುತ್ತಿರುವುದು ಒಡೆತನ. ಹನ್ನೆರಡು ತಂಡಗಳಲ್ಲಿ ಆರು ಎರಡೇ ಮನೆಗಳ ಕೈಯಲ್ಲಿವೆ. ಬಿಯರು, ಜಿನೆಬ್ರ, ಮಗ್ನೋಲಿಯಾ ಈ ಮೂರೂ ಸ್ಯಾನ್ ಮಿಗೆಲ್ ಕಾರ್ಪೊರೇಷನ್ನಿನವು. ಟಿಎನ್‌ಟಿ, ಮೆರಾಲ್ಕೊ, ಎನ್‌ಲೆಕ್ಸ್ ಮೂರೂ ಮ್ಯಾನುಯೆಲ್ ಪಂಗಿಲಿನಾನ್ ಸಮೂಹದವು. 2016ರ ಕಮಿಷನರ್ಸ್ ಕಪ್ಪನ್ನು ರೇನ್ ಆರ್ ಶೈನ್ ಗೆದ್ದ ಮೇಲೆ, 2025ರ ತನಕ ಒಂದೇ ಒಂದು ಪ್ರಶಸ್ತಿಯೂ ಈ ಎರಡು ಮನೆಗಳ ಹೊಸ್ತಿಲು ದಾಟಿ ಹೋಗಿಲ್ಲ. ಈಗ ಮೇಲಿನ ಗ್ರ್ಯಾಂಡ್ ಸ್ಲ್ಯಾಮ್ ಮಾತಿಗೆ ಮರಳಿ ನೋಡಿ. 2017ರಲ್ಲೂ 2019ರಲ್ಲೂ ಸ್ಯಾನ್ ಮಿಗೆಲ್‌ಗೆ ದಕ್ಕದ ಮೂರನೆಯ ಕಪ್ಪನ್ನು ಗೆದ್ದದ್ದು ಜಿನೆಬ್ರ, ಅಂದರೆ ಅದೇ ಮಾಲೀಕರ ಇನ್ನೊಂದು ಕೋಣೆ. 2014ರಲ್ಲಿ ಮೂರೂ ಗೆದ್ದ ಕಾಫಿ ತಂಡವೂ ಅವರದೇ, ಇಂದಿನ ಮಗ್ನೋಲಿಯಾದ ಹಿಂದಿನ ಹೆಸರು. ನಿಯಮಗಳು ಮೂರು ಬಗೆಯ ಚಾಂಪಿಯನ್ನರನ್ನು ಹುಟ್ಟಿಸುತ್ತವೆ. ಟ್ರೋಫಿಗಳು ಮಾತ್ರ ಒಂದೇ ಗಾಜಿನ ಬೀರುವಿಗೆ ಹೋಗುತ್ತವೆ.

ಅಣ್ಣತಮ್ಮ ತಂಡಗಳು ಪಂದ್ಯ ಬಿಟ್ಟುಕೊಡುತ್ತವೆ ಎಂದು ನಾನು ಹೇಳುತ್ತಿಲ್ಲ; ಜಿನೆಬ್ರದ ಆಟ ನೋಡಿದ ಯಾರೂ ಹಾಗೆ ಹೇಳಲಾರರು. ತೊಂದರೆ ಇರುವುದು ಅಂಕಣದ ಹೊರಗೆ, ಆಟಗಾರರ ಹಂಚಿಕೆಯಲ್ಲಿ. ದುರ್ಬಲ ತಂಡಕ್ಕೆ ಮೊದಲ ಆಯ್ಕೆ ಕೊಡುವುದೇ ಡ್ರಾಫ್ಟಿನ ಉದ್ದೇಶ. 2017ರಲ್ಲಿ ಕೊನೆಯ ಸಾಲಿನ ಕಿಯಾ ತಂಡ ತನ್ನ ಮೊದಲ ಆಯ್ಕೆಯನ್ನು ಬಲಿಷ್ಠ ಸ್ಯಾನ್ ಮಿಗೆಲ್‌ಗೆ ಕೊಟ್ಟು, ಬದಲಿಗೆ ಬೆಂಚಿನ ಮೂವರು ಆಟಗಾರರನ್ನೂ ಮುಂದಿನದೊಂದು ಆಯ್ಕೆಯನ್ನೂ ಪಡೆಯಿತು. ಆ ಆಯ್ಕೆಯಿಂದ ಸ್ಯಾನ್ ಮಿಗೆಲ್ ಕ್ರಿಸ್ಟಿಯನ್ ಸ್ಟಾಂಡ್‌ಹಾರ್ಡಿಂಗರ್‌ನನ್ನು ತೆಗೆದುಕೊಂಡಿತು. ಕಮಿಷನರ್ ಚಿಟೊ ನರ್ವಾಸಾ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಮಾಲೀಕರ ಮಂಡಳಿಯನ್ನೇ ಇಬ್ಭಾಗ ಮಾಡಿತು. ಕೊನೆಗೆ ಅವರು ಹುದ್ದೆ ಬಿಟ್ಟರು. ವ್ಯಕ್ತಿ ಹೋದರು, ವ್ಯಾಪಾರದ ದಾರಿ ಹಾಗೇ ಉಳಿಯಿತು. ಹಾಲಿನ ಕಂಪನಿ ಅಲಾಸ್ಕಾ, ಹದಿನಾಲ್ಕು ಪ್ರಶಸ್ತಿ ಗೆದ್ದ ಸ್ವತಂತ್ರ ತಂಡ, 35 ವರ್ಷಗಳ ನಂತರ 2022ರಲ್ಲಿ ಲೀಗ್ ಬಿಟ್ಟಿತು. ಎರಡು ಮನೆಗಳ ನಡುವೆ ಎದ್ದು ನಿಂತು ಮಾತಾಡಬಲ್ಲ ಇನ್ನೊಂದು ಕುರ್ಚಿ ಖಾಲಿಯಾಯಿತು.

ಊರಿನ ಹೆಸರಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಅಲ್ಲೂ ಬಹಳ. ಆ ಪ್ರಯೋಗ ಆಗಿಹೋಗಿದೆ. 1998ರಲ್ಲಿ ಎಬಿಎಸ್-ಸಿಬಿಎನ್ ಟಿವಿಯ ಬೆಂಬಲದಲ್ಲಿ ಊರುಗಳ ತಂಡ, ತವರಿನ ಅಂಕಣ ಎಲ್ಲ ಇಟ್ಟುಕೊಂಡು ಎಂಬಿಎ ಎಂಬ ಲೀಗ್ ಶುರುವಾಯಿತು. ಆಟ ಚುರುಕಾಗಿತ್ತು, ಊರವರು ಬಂದರು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶದಲ್ಲಿ ವಿಮಾನ ಹತ್ತಿ ಇಳಿಯುವ ಖರ್ಚೇ ಕೈ ಕಚ್ಚಿತು. 2002ಕ್ಕೆ ಬಾಗಿಲು ಹಾಕಿತು. 2017ರಲ್ಲಿ ಬಾಕ್ಸರ್ ಮ್ಯಾನಿ ಪಕ್ಕಿಯಾವೊ ಕಟ್ಟಿದ ಎಂಪಿಬಿಎಲ್ ಅದೇ ದಾರಿಯನ್ನು ಅಗ್ಗವಾಗಿ ಹಿಡಿದಿದೆ. ಪಿಬಿಎಗೆ ಬೇಕಿರುವುದು ಭೂಪಟವಲ್ಲ. ಒಂದು ಮನೆಗೆ ಒಂದೇ ತಂಡ ಎಂಬ ನಿಯಮ ಬೇಕು. ಆದರೆ ಅದನ್ನು ಮಾಡಬೇಕಾದ ಮಂಡಳಿಯಲ್ಲಿ ಕೂತಿರುವವರೂ ಅದೇ ಮನೆಗಳವರೇ.

ಈ ನಡುವೆ ಆಟಗಾರರು ಹೊರಡುತ್ತಿದ್ದಾರೆ. ಪಿಬಿಎಯ ಗರಿಷ್ಠ ಸಂಬಳ ತಿಂಗಳಿಗೆ 4,20,000 ಪೆಸೊ ಎಂದು ಕಟ್ಟಿಹಾಕಿದ್ದಾಗ, ಜಪಾನಿನ ಬಿ.ಲೀಗ್ 2020ರಲ್ಲಿ ಏಷ್ಯಾದ ಆಟಗಾರರಿಗೆಂದೇ ಒಂದು ಜಾಗ ತೆರೆಯಿತು. ತರ್ಡಿ ರವೇನಾ ಪಿಬಿಎಗೆ ಕಾಲಿಡದೆ ನೇರ ಅಲ್ಲಿಗೆ ಹೋದ. ಮರುವರ್ಷ ಅಣ್ಣ ಕೀಫರ್ ಕೂಡ. ಲೀಗಿನ ಉತ್ತರ? 2024ರಲ್ಲಿ ಅಂಕಣದ ಮೇಲೆ 27 ಅಡಿ ದೂರಕ್ಕೆ ಹೊಸ ಗೆರೆ ಎಳೆದು, ಅಲ್ಲಿಂದ ಹಾಕಿದರೆ ನಾಲ್ಕು ಅಂಕ ಎಂದರು. ಗೆರೆ ಎಳೆಯುವುದು ಸುಲಭ, ಪಾಲು ಬಿಡುವುದು ಕಷ್ಟ.

ಆಟದ ಗುಣಮಟ್ಟ ಕುಸಿದಿದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ವೃತ್ತಿಪರರಿಗೆ ಅಂತರರಾಷ್ಟ್ರೀಯ ಅಂಕಣ ತೆರೆದದ್ದೇ 1989ರಲ್ಲಿ. ಮರುವರ್ಷದ ಬೀಜಿಂಗ್ ಏಷ್ಯಾಡ್‌ಗೆ ಜವೋರ್ಸ್ಕಿ ಕೋಚಾಗಿ ಪಿಬಿಎ ಆಟಗಾರರನ್ನು ಕರೆದೊಯ್ದು ಬೆಳ್ಳಿ ತಂದ. 2023ರ ಹಾಂಗ್‌ಝೌ ಏಷ್ಯಾಡ್‌ನಲ್ಲಿ ಜಿನೆಬ್ರದ ಕೋಚ್ ಟಿಮ್ ಕೋನ್, ಪೌರತ್ವ ಪಡೆದ ಬ್ರೌನ್‌ಲೀ, ಫಹಾರ್ಡೊ ಸೇರಿ ಚಿನ್ನ ಗೆದ್ದರು. 1962ರ ನಂತರ ಮೊದಲ ಚಿನ್ನ ಅದು.

ಜನರೂ ಬರುವುದಿಲ್ಲ ಎಂದಲ್ಲ. ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ಪ್ರೇಕ್ಷಕರು ಸೇರಿದ್ದು 2023ರ ಜನವರಿ 15ರಂದು, ಫಿಲಿಪೀನ್ ಅರೀನಾದಲ್ಲಿ ನಡೆದ ಕಮಿಷನರ್ಸ್ ಕಪ್ ಫೈನಲಿನ ಏಳನೆಯ ಪಂದ್ಯಕ್ಕೆ: 54,589 ಮಂದಿ. ಗೆದ್ದದ್ದು ಜಿನೆಬ್ರ. ಎದುರಾಳಿ ಬೇ ಏರಿಯಾ ಡ್ರ್ಯಾಗನ್ಸ್, ಹಾಂಗ್‌ಕಾಂಗ್‌ನಿಂದ ಅತಿಥಿಯಾಗಿ ಕರೆಸಿದ್ದ ತಂಡ. ಎರಡು ಮನೆಗಳಲ್ಲಿ ಯಾವುದಕ್ಕೂ ಅದು ಸೇರಿದ್ದಲ್ಲ.