ಸರ್ವಜ್ಞನ ಸಾಲದ ವಚನ ಮತ್ತು ವಿದ್ಯಾರ್ಥಿಯ ಋಣ

ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯನ್ನು ಬಾಯಿಪಾಠವಾಗಿ ಬಲ್ಲವರು ಕನ್ನಡನಾಡಿನಲ್ಲಿ ಅಸಂಖ್ಯರು. ಸಾಲ ತರುವಾಗಿನ ಸುಖವನ್ನು ಹಾಲು-ಅನ್ನದ ಊಟಕ್ಕೂ, ಕೊಟ್ಟವನು ಬಂದು ಕೇಳುವಾಗಿನ ಯಾತನೆಯನ್ನು ಪಕ್ಕೆಯ ಸಂದು ಮುರಿಯುವುದಕ್ಕೂ ಹೋಲಿಸಿರುವ ಈ ಪದ್ಯ ಶಾಲೆಯ ಪಠ್ಯದಿಂದ ಹಿಡಿದು ಸಹಕಾರಿ ಸಂಘದ ಭಾಷಣದವರೆಗೆ ಎಲ್ಲೆಡೆ ಸಲ್ಲುತ್ತದೆ. ಹಿರೇಕೆರೂರು ತಾಲೂಕಿನ ಅಬಲೂರು, ಅದೇ ಸೀಮೆಯ ಮಾಸೂರು, ಇವೆರಡೂ ಕವಿಯ ಜನ್ಮವೃತ್ತಾಂತದೊಡನೆ ಹೆಣೆದುಕೊಂಡ ಊರುಗಳಾದುದರಿಂದ, ಆ ಭಾಗದ ವಿದ್ಯಾರ್ಥಿಗಳಿಗೆ ಈ ವಚನ ಮನೆಯ ಮಾತಿನಷ್ಟು ಪರಿಚಿತ. ಕೆಲವು ವರ್ಷಗಳ ಹಿಂದೆ ಇದನ್ನು ಪಾಠ ಹೇಳುತ್ತಿದ್ದಾಗ, ಆ ಕಡೆಯಿಂದಲೇ ಬಂದಿದ್ದ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಇದರಲ್ಲಿ ಉಂಡವನೂ ಪಕ್ಕೆ ಮುರಿಸಿಕೊಂಡವನೂ ಒಬ್ಬನೇ ಏನು?” ಎಂದು ಕೇಳಿದ. ಅವನ ಅಣ್ಣನ ಓದಿಗೆಂದು ಮನೆಯವರು ಬ್ಯಾಂಕಿನಿಂದ ಸಾಲ ಎತ್ತಿದ್ದರೆಂಬುದು ಆಮೇಲೆ ತಿಳಿಯಿತು. ಅಂದು ನಾನು ಕೊಟ್ಟ ಉತ್ತರ ತೃಪ್ತಿಕರವಾಗಿರಲಿಲ್ಲ. ಪ್ರಕೃತ ಲೇಖನ ಆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳುವ ಯತ್ನ.

ಮೊದಲು ಪಠ್ಯದ ವಿಷಯ. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಸಂಕಲನವೇ ಸರ್ವಜ್ಞನ ವಚನಗಳ ವ್ಯವಸ್ಥಿತ ಅಧ್ಯಯನಕ್ಕೆ ತಳಹದಿಯಾಯಿತು. ಸರ್ವಜ್ಞನ ಹೆಸರಿನಲ್ಲಿ ಬಳಕೆಯಲ್ಲಿರುವ ಪದ್ಯಗಳಲ್ಲಿ ಪ್ರಕ್ಷಿಪ್ತಗಳು ಹಲವು. ಕವಿಯ ತಂದೆ-ತಾಯಿಯರನ್ನು ಹೆಸರಿಸುವ ವಚನಗಳೂ ಸಂಶಯಕ್ಕೆ ಹೊರತಲ್ಲ. ಸಾಲದ ವಚನ ಯಾರದೇ ಆಗಿರಲಿ, ಅದನ್ನು ಇಷ್ಟು ಶತಮಾನ ಉಳಿಸಿಕೊಂಡು ಬಂದವರು ಸಾಲವನ್ನು ಮೈಮೇಲೆ ಅನುಭವಿಸಿದ ಜನ ಎಂಬುದರಲ್ಲಿ ಅನುಮಾನವಿಲ್ಲ.

ಇದರ ರಚನೆಯಲ್ಲಿ ಒಂದು ವೈಶಿಷ್ಟ್ಯವಿದೆ. ಪದ್ಯದಲ್ಲಿರುವುದು ಎರಡೇ ದೃಶ್ಯ: ಪಡೆಯುವುದು, ತೆರುವುದು. ನಡುವೆ ಆ ಹಣ ಏನಾಯಿತೆಂಬುದಕ್ಕೆ ತ್ರಿಪದಿಯಲ್ಲಿ ಎಡೆಯಿಲ್ಲ. ಊಟದ ಉಪಮಾನವೇ ಆ ಎಡೆಯನ್ನು ಮುಚ್ಚಿಬಿಟ್ಟಿದೆ. ಉಂಡದ್ದು ಹೊಟ್ಟೆಗೆ ಹೋಯಿತು, ಇನ್ನೇನು ಕೇಳುವುದು? ಮದುವೆಗೋ ಹಬ್ಬಕ್ಕೋ ಸಾಲ ಮಾಡಿದವನ ಮಟ್ಟಿಗೆ ಈ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ನಮ್ಮ ಹಿರಿಯರು ಇದೇ ಪದ್ಯವನ್ನು ಓದಿಗಾಗಿ ಸಾಲ ಮಾಡಿದ ಹುಡುಗನ ಮುಂದೆಯೂ ಹೇಳುತ್ತಾರೆ. ಅಲ್ಲಿ ಉಪಮಾನ ಕೆಡುತ್ತದೆ.

ಹೇಗೆಂಬುದನ್ನು ನೋಡಬೇಕಾದರೆ ಈಗಿನ ಶಿಕ್ಷಣ ಸಾಲದ ಬಗೆಯನ್ನು ತುಸು ತಿಳಿಯಬೇಕು. ಭಾರತೀಯ ಬ್ಯಾಂಕುಗಳ ಸಂಘ ಸಿದ್ಧಪಡಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ 2001ರಲ್ಲಿ ಬಂದಿತು. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡವು ಬೇಡವೆಂದು ಅದು ವಿಧಿಸಿತು. ವಿದ್ಯಾರ್ಥಿಯೊಡನೆ ತಂದೆಯೋ ತಾಯಿಯೋ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಕೆಲಕಾಲದ ನಂತರ ಮರುಪಾವತಿ ಮೊದಲಾಗುತ್ತದೆ. ಬೋಧನಾ ಶುಲ್ಕವನ್ನು ಬ್ಯಾಂಕು ಸಾಮಾನ್ಯವಾಗಿ ನೇರವಾಗಿ ಕಾಲೇಜಿಗೇ ಸಲ್ಲಿಸುತ್ತದೆ. ಅದು ಹುಡುಗನ ಕೈಗೆ ಬರುವುದೇ ಇಲ್ಲ. 2015ರಲ್ಲಿ ಕೇಂದ್ರ ಸರಕಾರ ಸಾಲ ಖಾತರಿ ನಿಧಿಯನ್ನು ಸ್ಥಾಪಿಸಿ, 7.5 ಲಕ್ಷದವರೆಗಿನ ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದ ಶೇಕಡಾ 75ರಷ್ಟನ್ನು ತುಂಬಿಕೊಡುವ ಏರ್ಪಾಡು ಮಾಡಿತು. ಹೀಗೆ ಬ್ಯಾಂಕಿಗೆ ಮುಕ್ಕಾಲು ಪಾಲು ರಕ್ಷೆ ಒದಗಿತು. ಕಾಲೇಜಿಗಾದರೋ ಪೂರ್ಣ ರಕ್ಷೆ ಮೊದಲಿನಿಂದಲೂ ಇದ್ದೇ ಇದೆ: ಶುಲ್ಕ ಮುಂಗಡವಾಗಿ ಸಂದಿರುತ್ತದೆ, ಹುಡುಗ ಉತ್ತೀರ್ಣನಾಗಲಿ ಅನುತ್ತೀರ್ಣನಾಗಲಿ ಅದರಲ್ಲಿ ಒಂದು ಕಾಸೂ ಹಿಂದಿರುಗುವುದಿಲ್ಲ. ಹಾಲು-ಅನ್ನ ಉಂಡವರು ಇಲ್ಲಿ ಬೇರೆಯವರೇ.

ಕಾಲೇಜನ್ನು ಹೀಗೆ ನುಡಿಯುವುದು ಕಠೋರವೆಂದು ಕೆಲವರಿಗೆ ತೋರಬಹುದು. ಅಂಥವರು ಜೂನ್ ತಿಂಗಳಲ್ಲಿ ಯಾವ ಪಟ್ಟಣದ ರಸ್ತೆಯಲ್ಲಾದರೂ ಒಮ್ಮೆ ನಡೆದುಬರಲಿ. ಹೆಚ್ಚು ಅಂಕ ಪಡೆದವರ ಭಾವಚಿತ್ರಗಳನ್ನು ಹೊತ್ತ ಫಲಕಗಳು ವೃತ್ತವೃತ್ತದಲ್ಲಿ ನಿಂತಿರುತ್ತವೆ. ಯಶಸ್ಸು ಸಂಸ್ಥೆಯದೆಂದು ಅವು ಸಾರುತ್ತವೆ. ಎರಡನೆಯ ವರ್ಷ ಓದು ಬಿಟ್ಟು ಹೋದವನ ಸೋಲು ಮಾತ್ರ ಅವನೊಬ್ಬನದೇ, ಅವನ ಹೆಸರಿನ ಸಾಲದಂತೆ. ಪದವಿ ಕೈತಪ್ಪಿದರೂ ಸಾಲ ಕೈಬಿಡುವುದಿಲ್ಲ.

ಈ ಹೊಣೆಯನ್ನು ನಮ್ಮವರು ಬೇರೆ ರೀತಿಯಲ್ಲಿಯೂ ಹಂಚಿಕೊಂಡದ್ದುಂಟು. ವಾರಾನ್ನ, ಮಠಗಳ ಉಚಿತ ಪ್ರಸಾದನಿಲಯಗಳು, 1906ರಲ್ಲಿ ನಿಧನರಾದ ಸಿರಸಂಗಿಯ ಲಿಂಗರಾಜ ದೇಸಾಯರು ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದ ಸಂಸ್ಥಾನದ ಆಸ್ತಿ, ಇವುಗಳ ನೆರವಿನಿಂದ ಓದಿದವರ ಸಂಖ್ಯೆ ಅಪಾರ. ಆ ಕಾಲವನ್ನು ಹೊಗಳುವಾಗ ಎಚ್ಚರವಿರಬೇಕು. ವಾರದ ಊಟ ಜಾತಿ ನೋಡಿ ಬಡಿಸಲ್ಪಡುತ್ತಿತ್ತು, ಅನೇಕರಿಗೆ ಆ ಬಾಗಿಲು ತೆರೆಯಲೇ ಇಲ್ಲ. ಸರಕಾರ ಈ ಹೊಣೆಗೆ ಕೈಹಚ್ಚಿದ್ದು ಆ ಕಾರಣದಿಂದಲೂ ಅಗತ್ಯವಾಗಿತ್ತು. 1963ರಲ್ಲಿ ಭಾರತ ಸರಕಾರ ಆರಂಭಿಸಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನಕ್ಕೆ ಬಡ್ಡಿಯಿರಲಿಲ್ಲ. ಸಾಲ ಪಡೆದವನು ಅಧ್ಯಾಪಕನಾದರೆ ಅವನ ಸೇವೆಯ ಪ್ರತಿಯೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು. ಪಾಠ ಹೇಳುವುದೇ ಋಣ ತೀರಿಸುವ ಒಂದು ವಿಧಾನ ಎಂಬ ತಿಳಿವಳಿಕೆ ಅದರಲ್ಲಿತ್ತು. ವಸೂಲಿ ತೀರ ಕಡಿಮೆಯಾಯಿತು, ಯೋಜನೆ ನಿಂತುಹೋಯಿತು. ಸಾಲಗಾರರು ಅಲ್ಲಿ ತಮ್ಮ ಪಾಲಿನ ಹೊಣೆಯನ್ನು ನಿರ್ವಹಿಸಲಿಲ್ಲವೆಂಬುದನ್ನು ಮರೆಮಾಚಲಾಗದು.

ಶುಲ್ಕದ ಪ್ರಶ್ನೆ ನ್ಯಾಯಾಲಯವನ್ನೂ ಏರಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕ್ಯಾಪಿಟೇಶನ್ ಶುಲ್ಕವನ್ನು ಅಸಿಂಧುವೆಂದು ಸಾರಿತು, ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಉಚಿತ ಸೀಟು, ಪಾವತಿ ಸೀಟುಗಳೆಂಬ ವಿಭಾಗವನ್ನು ತಂದಿತು, 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ತೀರ್ಪು ಆ ಏರ್ಪಾಡನ್ನು ತೆಗೆದುಹಾಕಿತು. ಮಾದರಿ ಸಾಲದ ಯೋಜನೆಯೂ ಈ ತೀರ್ಪೂ ಒಂದೆರಡು ವರ್ಷಗಳ ಅಂತರದಲ್ಲಿಯೇ ಬಂದುವೆಂಬುದು ಲಕ್ಷಿಸತಕ್ಕ ಸಂಗತಿ. 2024ರ ನವೆಂಬರದಲ್ಲಿ ಒಪ್ಪಿಗೆ ಪಡೆದ ವಿದ್ಯಾಲಕ್ಷ್ಮಿ ಯೋಜನೆ, ವಾರ್ಷಿಕ ಆದಾಯ 8 ಲಕ್ಷದೊಳಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿ ಕೊಡುತ್ತದೆ. ಆದರೆ ಆರಂಭದಲ್ಲಿ ಅದು ಆಯ್ದುಕೊಂಡದ್ದು ಮುಖ್ಯವಾಗಿ ರಾಷ್ಟ್ರೀಯ ಶ್ರೇಯಾಂಕವನ್ನು ನೋಡಿ ಗೊತ್ತುಮಾಡಿದ 860 ಸಂಸ್ಥೆಗಳನ್ನು. ಹಿರೇಕೆರೂರಿನ ಗೋವಿನಜೋಳದ ಹೊಲದಿಂದ ಹೊರಟ ಹುಡುಗ ಶ್ರೇಯಾಂಕವಿಲ್ಲದ ಕಾಲೇಜಿಗೆ ಸೇರಿದರೆ ಆ ರಿಯಾಯಿತಿ ಅವನಿಗೆ ಸಿಗದು. ಸಂಸ್ಥೆಯ ಗುಣವನ್ನು ಸರಕಾರ ಅಳೆಯಿತು ನಿಜ. ಗುಣವಿಲ್ಲದುದಕ್ಕೆ ದಂಡ ತೆತ್ತವನು ಮಾತ್ರ ವಿದ್ಯಾರ್ಥಿ. ರಾಜ್ಯದ ಹಿಂದುಳಿದ ವರ್ಗಗಳ ನಿಗಮ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆಯಾದವರಿಗೆ ಶೇಕಡಾ 2ರ ಬಡ್ಡಿಯಲ್ಲಿ ಕೊಡಮಾಡಿದ ಸಾಲ ಇದಕ್ಕಿಂತ ಹಗುರಾದುದು. ಅದರ ಹೆಸರು ‘ಅರಿವು’. ಸಾಲಕ್ಕೆ ಅರಿವೆಂದು ಹೆಸರಿಟ್ಟವರು ಸರ್ವಜ್ಞನನ್ನು ನೆನೆದಿದ್ದರೋ ಇಲ್ಲವೋ.

ಏಕೆಂದರೆ ಅರಿವಿನ ಋಣವನ್ನು ಕುರಿತು ಸರ್ವಜ್ಞ ಬೇರೊಂದು ವಚನದಲ್ಲಿ ಹೇಳಿರುವ ಮಾತು ಸಾಲದ ವಚನದ ಮಾತಿಗೆ ಪೂರಾ ಭಿನ್ನ. ತಾನು ಸರ್ವಜ್ಞನೆನಿಸಿಕೊಂಡದ್ದು ಅಹಂಕಾರದಿಂದಲ್ಲ, ಎಲ್ಲರ ಬಳಿಯೂ ಒಂದೊಂದು ಮಾತು ಕಲಿತು ವಿದ್ಯೆಯ ಬೆಟ್ಟವಾದೆನೆಂಬುದು ಅದರ ಭಾವ. ಇಲ್ಲಿ ಕೊಟ್ಟವರು ಅನೇಕರು, ಮನೆಗೆ ಬಂದು ಕೇಳುವವರು ಯಾರೂ ಇಲ್ಲ. ಕಲಿತವನು ಸಮಾಜಕ್ಕೆ ಋಣಿ, ಆದುದರಿಂದ ಹಣವನ್ನೂ ಅವನೇ ತೆರಲಿ ಎಂದು ಈ ವಚನದಿಂದ ಅರ್ಥ ಹೊರಡಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಬ್ಬನ ಕಲಿಕೆ ಎಲ್ಲರಿಂದ ಆಗುವುದಾದರೆ ಅವನು ಕಲಿಯದೆ ಹೋದಾಗಲೂ ಎಲ್ಲರ ಪಾಲು ಇರಲೇಬೇಕು. ಬೆಟ್ಟದಲ್ಲಿ ಪಾಲು ಕೇಳುವವರು ಬಯಲಿನಲ್ಲಿಯೂ ಪಾಲುದಾರರೇ. ವಿದ್ಯಾರ್ಥಿ ತರಗತಿಗೆ ಬಾರದೆ ತಿರುಗಾಡಿ ಅನುತ್ತೀರ್ಣನಾದರೆ ಆ ಪಾಲು ಅವನದು, ಅದನ್ನು ಯಾರೂ ಹೊರಲಾರರು. ಅಧ್ಯಾಪಕರ ಸ್ಥಾನಗಳನ್ನು ಖಾಲಿ ಬಿಟ್ಟು, ಪ್ರಯೋಗಾಲಯಕ್ಕೆ ಬೀಗ ಹಾಕಿ, ಶುಲ್ಕವನ್ನು ಮಾತ್ರ ತಪ್ಪದೆ ಎತ್ತಿದ ಸಂಸ್ಥೆಯ ಪಾಲನ್ನು ಸಂಸ್ಥೆಯೇ ಹೊರಬೇಕು. ವರ್ಷದ ನಡುವೆ ಬಿಟ್ಟುಹೋದವನ ಶುಲ್ಕದಲ್ಲಿ ಒಂದಂಶವನ್ನು ಅವನ ಸಾಲದ ಖಾತೆಗೆ ಹಿಂದಿರುಗಿಸುವ ನಿಯಮ ಅಸಾಧ್ಯವಾದುದೇನೂ ಅಲ್ಲ. ಸಂಬಳ ಪಡೆಯುವ ನಮಗೂ ಇದರಲ್ಲಿ ಒಂದು ಪಾಲುಂಟು.

ಸಾಲದ ವಚನವನ್ನು ಪಾಠ ಹೇಳುವ ಅಧ್ಯಾಪಕರು ಅದರ ಎರಡು ದೃಶ್ಯಗಳ ನಡುವೆ ಸ್ವಲ್ಪ ನಿಲ್ಲಬಹುದು. ನಮ್ಮ ಪ್ರವೇಶ ಪುಸ್ತಕದಲ್ಲಿ ಹುಡುಗನ ಜಾತಿ, ಅಂಕ, ಕಟ್ಟಿದ ಶುಲ್ಕ ಇವಕ್ಕೆಲ್ಲ ಅಂಕಣಗಳಿವೆ. ಸಾಲ ಎಷ್ಟು, ಓದು ಎಲ್ಲಿಗೆ ಬಂದಿತು ಎಂಬುದಕ್ಕೆ ಅಂಕಣವಿಲ್ಲ. ಅಂದು ಪ್ರಶ್ನೆ ಕೇಳಿದವನ ಅಣ್ಣ ಪದವಿ ಪಡೆದನೋ ಇಲ್ಲವೋ ಎಂದು ಹುಡುಕಹೊರಟಾಗ ನನಗೆ ಗೊತ್ತಾದುದು ಇದೇ.