ಇಪ್ಪತ್ತೈದು ಅಂಕದ ಬಯಲು

ಕಳೆದ ಸೆಮಿಸ್ಟರಿನ ಕೊನೆಗೆ ಬೀದರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಆದ ಫೈಲೊಂದನ್ನು ಬಿಡಿಸಿ ನೋಡಿದೆ. ಪರಿಸರ ಅಧ್ಯಯನದ ಕ್ಷೇತ್ರಕಾರ್ಯ ವರದಿ. ‘ನಮ್ಮ ಸ್ಥಳೀಯ ಪರಿಸರ’ ಎಂಬ ತಲೆಬರಹದ ಕೆಳಗೆ ಬಂಡೀಪುರದ ಆನೆಗಳ ಚಿತ್ರ ಅಂಟಿಸಿತ್ತು. ಹುಡುಗನ ಊರು ಬೀದರ ಪಕ್ಕದ ಕಮಠಾಣ. ಪಕ್ಕದಲ್ಲಿ ಅದೇ ಫೈಲಿನ ಇನ್ನೂ ಆರು ಪ್ರತಿಗಳಿದ್ದವು. ಹೆಸರು, ರಿಜಿಸ್ಟರ್ ನಂಬರು ಮಾತ್ರ ಬೇರೆ ಬೇರೆ. ಆ ಹುಡುಗರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರನ್ನು ಯಾರೂ ಬಯಲಿಗೆ ಕರೆದೊಯ್ದಿರಲಿಲ್ಲ.

ಈ ಫೈಲಿನ ಮೂಲ ದೊಡ್ಡದು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು. ಮುಂದೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯಕ್ರಮವೊಂದನ್ನು ಸಿದ್ಧಪಡಿಸಿತು. ಅದರಲ್ಲಿ ಎಂಟು ಘಟಕ, ಐವತ್ತು ತಾಸು. ಎಂಟನೆಯ ಘಟಕವೇ ಕ್ಷೇತ್ರಕಾರ್ಯ: ಹತ್ತಿರದ ನದಿಯನ್ನೋ ಹುಲ್ಲುಗಾವಲನ್ನೋ ಗುಡ್ಡವನ್ನೋ ನೋಡಿ ದಾಖಲಿಸಬೇಕು, ಕೆಟ್ಟುಹೋದ ಒಂದು ಜಾಗಕ್ಕೆ ಹೋಗಬೇಕು, ಸುತ್ತಲಿನ ಗಿಡ, ಹುಳ, ಹಕ್ಕಿಗಳನ್ನು ಗುರುತಿಸಬೇಕು. ಇಡೀ ಪಠ್ಯಕ್ರಮದಲ್ಲಿ ಜೀವ ಇರುವುದು ಈ ಕೆಲವು ಸಾಲುಗಳಲ್ಲೇ ಎಂದು ನಾನು ನಂಬಿದ್ದೇನೆ. ಕಾಡಿಗೇ ಹೋಗಬೇಕೆಂದು ಅದು ಎಲ್ಲೂ ಹೇಳುವುದಿಲ್ಲ. ನಿಮ್ಮೂರಿನದನ್ನೇ ನೋಡಿ ಎನ್ನುತ್ತದೆ.

ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ. ಕ್ಷೇತ್ರಕಾರ್ಯಕ್ಕೆ ನೂರರಲ್ಲಿ 25 ಅಂಕ ಇಟ್ಟರು, ಐವತ್ತು ತಾಸಿನಲ್ಲಿ ಅದಕ್ಕೆ ಕೊಟ್ಟದ್ದು ಐದೇ ತಾಸು. ಅಂಕದಲ್ಲಿ ಕಾಲು ಪಾಲು, ಸಮಯದಲ್ಲಿ ಹತ್ತರಲ್ಲಿ ಒಂದು ಪಾಲು. ಐದು ತಾಸಿನಲ್ಲಿ ಗಳಿಸಲಾಗದ ಅಂಕವನ್ನು ಝೆರಾಕ್ಸ್ ಅಂಗಡಿ ಗಳಿಸಿಕೊಟ್ಟಿತು. ಸಾಲದ್ದಕ್ಕೆ ಈ ವಿಷಯದ ಪಾಠ ಹೇಳುವ ಹೊಣೆ ಬಹಳ ಕಡೆ ಕಾರ್ಯಭಾರ ಕಡಿಮೆ ಇರುವ ಯಾವುದೋ ವಿಷಯದ ಅಧ್ಯಾಪಕರ ಹೆಗಲಿಗೆ ಬೀಳುತ್ತದೆ. ನೂರಾರು ಹುಡುಗ ಹುಡುಗಿಯರನ್ನು ಬಸ್ ಖರ್ಚಿಲ್ಲದೆ ಒಬ್ಬರೇ ಎಲ್ಲಿಗೆ ಕರೆದೊಯ್ದಾರು? ಅವರ ಕಷ್ಟ ನಿಜ. ಆದರೆ ಆ ಕಷ್ಟವನ್ನು ಒಪ್ಪಿಕೊಂಡು ಸುಳ್ಳು ವರದಿಗೂ ಪೂರ್ತಿ ಅಂಕ ಕೊಡುತ್ತ ಬಂದದ್ದು ತಪ್ಪು.

ನೋಡಲು ಇಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಬೀದರ ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಪಠಾರದ ಮೇಲೆ. ಅಗೆದಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ, ಮೈತುಂಬ ತೂತುಗಳಿರುವ ಕಲ್ಲು ಅದು. ಮಳೆ ನೀರು ಆ ತೂತುಗಳಲ್ಲಿ ಇಳಿಯುತ್ತದೆ, ಕೆಳಗಿನ ಜೇಡಿಮಣ್ಣು ತಡೆದಾಗ ಅಡ್ಡಕ್ಕೆ ಹರಿದು ಪಠಾರದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ, ನರಸಿಂಹ ಝರಣಿ ಎಂಬ ಹೆಸರುಗಳಲ್ಲೇ ಆ ನೀರಿದೆ. ಪಠಾರ ಇಳಿದರೆ ಕೆಂಪು ಮಸಾರಿ ಮುಗಿದು ಎರೆ ಹೊಲ ಶುರು. ಈ ಎರಡರ ನಡುವೆ ಒಂದು ಮುಂಜಾನೆ ನಡೆದರೆ ಮಣ್ಣು, ನೀರು, ಬೆಳೆ ಮೂರರ ಪಾಠವೂ ಆಗುತ್ತದೆ.

ಬಹಮನಿಗಳ ಕಾಲದ ಜನ ಈ ಪಾಠ ಕಲಿತಿದ್ದರು. ಬೀದರಿಗೆ ಅಂಟಿಕೊಂಡ ನೌಬಾದಿನ ಕರೇಜ್ ಅದಕ್ಕೆ ಸಾಕ್ಷಿ. ಸಾಲಾಗಿ ಬಾವಿ ತೋಡಿ, ತಳದಲ್ಲಿ ಸುರಂಗ ಕೊರೆದು, ಇಳಿಜಾರನ್ನೇ ನಂಬಿ ನೀರು ಹರಿಸಿದ್ದಾರೆ. ಈ ಬಾವಿಗಳು ಮಣ್ಣು, ಕಸ ತುಂಬಿ ಮರೆತುಹೋಗಿದ್ದವು. ಅವುಗಳ ಜಾಡು ಹಿಡಿದು ನಕ್ಷೆ ಮಾಡಿದವರು ಕೇರಳದ ಚಿಟ್ಟೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ. ಅವರಿಗೆ ನಾನು ಋಣಿ. ಆದರೆ ಆ ಬಾವಿಗಳ ಪಕ್ಕದಲ್ಲೇ ಬಸ್ಸು ಹಿಡಿದು ಕಾಲೇಜಿಗೆ ಬರುವ ನಮ್ಮ ಮಕ್ಕಳು ಐದು ತಾಸು ಅಲ್ಲಿ ಬಗ್ಗಿ ನೋಡಿದ್ದರೆ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಇನ್ನು ಚಿಗರಿ. ಔರಾದ, ಭಾಲ್ಕಿ, ಬೀದರ ಕಡೆಯ ಬೀಳು ಭೂಮಿಯಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿವೆ. ಕಂದಾಯದ ಕಾಗದದಲ್ಲಿ ಬೀಳು ಎಂದು ಬರೆದಿರುವ ಹುಲ್ಲುಬಯಲೇ ಅವುಗಳ ಮನೆ. 1972ರ ವನ್ಯಜೀವಿ ಕಾಯ್ದೆ ಅವುಗಳನ್ನು ಮೊದಲನೆಯ ಅನುಸೂಚಿಯಲ್ಲಿಟ್ಟು ಕಾಯುತ್ತದೆ. ಹೆಸರು, ಉದ್ದು, ಸೋಯಾ ಮೊಳಕೆಯೊಡೆದ ಹೊಲಕ್ಕೆ ಅವು ನುಗ್ಗಿದರೆ ರೈತನ ಸಾಲುಗಳು ಬೋಳಾಗುತ್ತವೆ. ಪ್ರಾಣಿಯೂ ಸರಿ, ರೈತನೂ ಸರಿ. ಈ ಬಿಕ್ಕಟ್ಟನ್ನು ಯಾವ ಪುಸ್ತಕವೂ ಬದುವಿನ ಮೇಲೆ ಕೂತು ಕೇಳಿದಷ್ಟು ಚೆನ್ನಾಗಿ ತಿಳಿಸಲಾರದು.

ಆಗದ ಮಾತಲ್ಲ ಇದು. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ ಜೀವವೈವಿಧ್ಯ ದಾಖಲಿಸುವ ಕೆಲಸ ನಡೆಸಿದ್ದರು. ಅಷ್ಟು ದೂರ ಹೋಗುವುದೂ ಬೇಡ. ಕಮಠಾಣ ರಸ್ತೆಯ ನಂದಿನಗರದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಪದವಿ ಬೇಕಾದರೆ ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಲೇಬೇಕು; ದನದ ಮೈ ಮುಟ್ಟದೆ ಯಾರೂ ಪಶುವೈದ್ಯರಾಗುವುದಿಲ್ಲ. ಮಣ್ಣು ಮುಟ್ಟದೆ ಪರಿಸರ ಅಧ್ಯಯನ ಪಾಸಾಗುವುದನ್ನು ಮಾತ್ರ ನಾವು ಒಪ್ಪಿಕೊಂಡಿದ್ದೇವೆ.

ಯುಜಿಸಿ 2023ರಲ್ಲಿ ಹೊರಡಿಸಿದ ಚೌಕಟ್ಟು ಪರಿಸರ ಶಿಕ್ಷಣಕ್ಕೆ 4 ಕ್ರೆಡಿಟ್ ಸೂಚಿಸುತ್ತದೆ, ಕ್ಷೇತ್ರಕಾರ್ಯವನ್ನೂ ಉಳಿಸಿಕೊಂಡಿದೆ. ಪ್ರಾಯೋಗಿಕ ಕೆಲಸದ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 30 ತಾಸು. ಆ ಒಂದು ಕ್ರೆಡಿಟ್ಟನ್ನು ಪೂರ್ತಿಯಾಗಿ ಬಯಲಿಗೆ ಬಿಟ್ಟುಕೊಟ್ಟರೆ ಹಳೆಯ ತಪ್ಪು ಅರ್ಧ ತಿದ್ದಿದಂತೆ. ಉಳಿದರ್ಧ ಮೌಲ್ಯಮಾಪನದ್ದು: ಅಂಟಿಸಿದ ಚಿತ್ರಕ್ಕೆ ಸೊನ್ನೆ; ಕಂಡ ದಿನ, ಜಾಗ, ಮಾತಾಡಿಸಿದ ರೈತ ಹೇಳಿದ್ದು ಸ್ವಂತ ಕೈಬರಹದಲ್ಲಿ ಇದ್ದರೆ, ಅಕ್ಷರ ಸೊಟ್ಟಗಿದ್ದರೂ ಅಂಕ.

ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಈಗ ಜಿಲ್ಲೆಗೆ ತನ್ನದೇ ಬೀದರ ವಿಶ್ವವಿದ್ಯಾಲಯವಿದೆ. ಈ ನಿಯಮ ಅಲ್ಲಿಂದಲೇ ಶುರುವಾಗಲಿ. ಪರಿಸರ ಅಧ್ಯಯನ ಕಲಿಸುವ ಸರ್, ಮೇಡಂ ಅವರಲ್ಲಿ ನನ್ನದೊಂದೇ ವಿನಂತಿ: ಮಳೆ ನಿಂತ ಮೇಲಿನ ಮೊದಲ ರವಿವಾರ ಇಪ್ಪತ್ತು ಮಕ್ಕಳನ್ನು ನೌಬಾದಿನ ಬಾವಿಗಳ ಹತ್ತಿರ ಕರೆದೊಯ್ಯಿರಿ. ಕಮಠಾಣದ ಆ ಹುಡುಗನನ್ನೂ ಕರೆಯಿರಿ.